ಮಲಗಿಯೇ ಉಳಿದ ಕತ್ತೆ

ಮಣ್ಣು ಹೊರುತ್ತಿದ್ದ ಕುಂಬಾರರ ಕತ್ತೆಗೆ ಒಮ್ಮೆ ಸೊಂಟ ಹಿಡಿದುಕೊಂಡಿತು. ನೋವಿಗೆ ಹೆದರಿ ಅದು ಮಲಗಿದ ಜಾಗ ಬಿಟ್ಟು ಏಳಲೇ ಇಲ್ಲ. ಪಕ್ಕದ ಮನೆಯ ಮುದಿ ಹೆಣ್ಣುಕುದುರೆ ದಿನವೂ ಬಂದು ಕರೆಯುತ್ತಿತ್ತು.

"ಏಳು ತಮ್ಮಾ, ನನಗೂ ಸೊಂಟನೋವಿದೆ. ಹೊರೆ ಬೇಡ, ಕೆರೆಯವರೆಗೆ ಮೆಲ್ಲಗೆ ನಡೆದು ಬರೋಣ. ನಡೆದರೇ ಸೊಂಟ ಸಡಿಲವಾಗುವುದು."

"ನೋವು ಪೂರ್ತಿ ಹೋಗಲಿ ಅಕ್ಕಾ, ಆಮೇಲೆ ಬರುತ್ತೇನೆ," ಎನ್ನುತ್ತಿತ್ತು ಕತ್ತೆ.

ನೋವು ಹೋಗಲಿಲ್ಲ, ಕಾಲಿನ ಕಸುವು ಹೋಯಿತು. ಒಂದು ಬೆಳಿಗ್ಗೆ ಕುದುರೆಯ ಮನೆಯವರು ಊರು ಬಿಟ್ಟು ಹೊರಟರು.

"ಹೋಗಿಬರುತ್ತೇನೆ ತಮ್ಮಾ!" ಎಂದು ಕುದುರೆ ಬೀದಿಯಿಂದ ಕೂಗಿತು.

ಒಮ್ಮೆಯಾದರೂ ಅಕ್ಕನ ಮುಖ ನೋಡಬೇಕೆಂದು ಕತ್ತೆ ಕಷ್ಟಪಟ್ಟು ಎದ್ದಿತು. ನಡುಗುತ್ತ ಬಾಗಿಲಿಗೆ ಬರುವಷ್ಟರಲ್ಲಿ ಬೀದಿ ಬರಿದಾಗಿತ್ತು.

"ಅಷ್ಟು ದಿನ ಕರೆದಳಲ್ಲಾ, ಒಂದು ದಿನವಾದರೂ ಎದ್ದು ಹೋಗಬಾರದಿತ್ತೇ?" ಎಂದು ಹಲುಬಿತು.

ಸೊಂಟ ಆಗಲೂ ನೋಯುತ್ತಿತ್ತು. ಆದರೆ ಕತ್ತೆ ಅತ್ತದ್ದು ಅದಕ್ಕಲ್ಲ.