ಸೂರ್ಯನ ಕಂಕುಳಲ್ಲಿದ್ದ ಗಂಟು

ಪ್ರಪಂಚಕ್ಕೆ ಇನ್ನೂ ಹೊಸ ಬಟ್ಟೆಯ ಗಂಜಿ ವಾಸನೆ ಹೋಗಿರದ ಕಾಲ ಅದು. ಬೆಟ್ಟಗಳು ಇನ್ನೂ ಮೆತ್ತಗಿದ್ದವು. ಹೊಳೆಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಅವರಿವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿ ಎಲ್ಲರ ಮನೆಗೂ ನುಗ್ಗಿ ಇವತ್ತೇನು ಅಡುಗೆ ಎಂದು ವಿಚಾರಿಸುತ್ತಿತ್ತು.

ಸೂರ್ಯ ಆಗ ಬರೀ ಬಿಳಿ. ಬೆಳಿಗ್ಗೆ ಬಿಳಿ, ಮಧ್ಯಾಹ್ನ ಬಿಳಿ, ಸಂಜೆಯೂ ಬಿಳಿ. ಹೊತ್ತಾಯಿತೆಂದರೆ ದೀಪ ಆರಿಸಿದಂತೆ ತಟ್ಟನೆ ಮನೆಗೆ ಹೋಗಿಬಿಡುತ್ತಿದ್ದ. ಪಡುವಣದಲ್ಲಿ ನಿಂತು ನೋಡುವಂಥದ್ದು ಏನೂ ಇರಲಿಲ್ಲ.

ಈ ಕತೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನನ್ನ ಅಜ್ಜಿಗೂ ಬರುತ್ತಿತ್ತು. ನಡುವೆ ನನ್ನ ದನಿ ಜೋರಾದರೆ ಅದು ನಿನ್ನ ಮೇಲಲ್ಲ ಮಗೂ. ಸ್ವಲ್ಪ ನಿನ್ನ ಮೇಲೂ ಇರಬಹುದು. ಇವತ್ತು ಬೆಳಿಗ್ಗೆ ಆ ಕೆಂಪು ಲಂಗ ಹಿಡಿದುಕೊಂಡು, ನಮ್ಮ ಮನೆಯ ಬಟ್ಟೆ ಒಗೆಯುವ ದೇವೀರಕ್ಕನಿಗೆ ನೀನು ಏನೆಂದೆ, ನೆನಪಿದೆಯಲ್ಲ? ಅದನ್ನು ಆಮೇಲೆ ಮಾತಾಡೋಣ.

ಆ ಕಾಲದಲ್ಲಿ ಹೊಳೆ ದಡದಲ್ಲಿ ಚಿಕ್ಕತಾಯಿ ಎಂಬ ಮಡಿವಾಳಗಿತ್ತಿ ಇದ್ದಳು. ಊರಿನ ಬಟ್ಟೆಯೆಲ್ಲ ಅವಳ ಕೈಗೇ ಬರುತ್ತಿತ್ತು. ಕೊಳೆ ಬಿಡಿಸುವ ಚೌಳುಮಣ್ಣು ಹಚ್ಚಿ ನೆನೆಸಿ, ಕಲ್ಲಿಗೆ ಒಗೆದು, ಹೊಳೆಯಲ್ಲಿ ಜಾಲಿಸಿ, ಹಿಂಡಿ, ಒದರಿ ಹಗ್ಗಕ್ಕೆ ಹಾಕುತ್ತಿದ್ದಳು.

ಅವಳ ಹಗ್ಗ ಎರಡು ಎಳೆ ಸೇರಿಸಿ ಬಿಗಿಯಾಗಿ ಹೊಸೆದದ್ದು. ಎಳೆಗಳನ್ನು ಬೆರಳಿನಿಂದ ಒಂಚೂರು ಬಿಡಿಸಿ, ನಡುವೆ ಸೀರೆಯ ಚುಂಗು ತೂರಿಸಿ ಬಿಟ್ಟರೆ ಸಾಕು, ಹಗ್ಗವೇ ಕಚ್ಚಿ ಹಿಡಿದುಕೊಳ್ಳುತ್ತಿತ್ತು. ನಮ್ಮ ಹಾಗೆ ಕ್ಲಿಪ್ಪು ಗಿಪ್ಪು ಬೇಕಿರಲಿಲ್ಲ. ಗಾಳಿ ಎಷ್ಟು ಎಳೆದಾಡಿದರೂ ಬಟ್ಟೆ ನೆಲಕ್ಕೆ ಬೀಳುತ್ತಿರಲಿಲ್ಲ.

ಊರಲ್ಲಿ ಮದುವೆಯಾದರೆ ಮದುವಣಗಿತ್ತಿ ಬರಿನೆಲದ ಮೇಲೆ ಕಾಲಿಡುವಂತಿರಲಿಲ್ಲ. ಚಿಕ್ಕತಾಯಿ ಒಗೆದ ಬಿಳಿ ಬಟ್ಟೆಯನ್ನು ಮುಂದೆ ಮುಂದೆ ಹಾಸುತ್ತ ಹೋಗಬೇಕು, ಹೆಣ್ಣು ಅದರ ಮೇಲೆ ನಡೆದು ಚಪ್ಪರಕ್ಕೆ ಬರಬೇಕು. ಅದಕ್ಕೆ ನಡೆಮಡಿ ಎನ್ನುತ್ತಾರೆ. ಎಂಥಾ ದೊಡ್ಡವರ ಮನೆಯ ಮದುವೆಯಾದರೂ ಚಿಕ್ಕತಾಯಿ ಹಾಸದೆ ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಅವಳಿಗೆ ಇದ್ದ ಹೆಮ್ಮೆ ಅದೊಂದೇ.

ಸೂರ್ಯನಿಗೂ ಅವಳಿಗೂ ಒಂದು ಒಪ್ಪಂದವಿತ್ತು. ನೀರು ನಿನ್ನದು, ಬಟ್ಟೆ ನನ್ನದು. ಒದ್ದೆ ಬಟ್ಟೆಯ ನೀರನ್ನು ಸೂರ್ಯ ಹೀರಿಕೊಂಡು ಮೋಡಕ್ಕೆ ಕೊಡುತ್ತಿದ್ದ, ಮೋಡ ಅದನ್ನು ತಿರುಗಿ ಹೊಳೆಗೆ ಸುರಿಯುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ.

ಆದರೆ ಬರಬರುತ್ತ ಊರಿನ ಬಟ್ಟೆಗಳು ಮಂಕಾಗತೊಡಗಿದವು. ಒಬ್ಬರ ಹಳದಿ ರುಮಾಲು ಬೂದಿ ಬಣ್ಣಕ್ಕೆ ತಿರುಗಿತು. ಇನ್ನೊಬ್ಬರ ನೀಲಿ ಕುಪ್ಪಸ ಮಜ್ಜಿಗೆಯಾಯಿತು. ಜನ ಒಳಗೊಳಗೇ ಗೊಣಗಿದರು. ಚಿಕ್ಕತಾಯಿ ಚೌಳು ಕಡಿಮೆ ಹಾಕಿದಳು, ಮೆಲ್ಲಗೆ ಒಗೆದಳು, ಕಲ್ಲು ಬಿಟ್ಟು ಕೈಯಲ್ಲೇ ಉಜ್ಜಿದಳು. ತಪ್ಪು ತನ್ನದೇ ಇರಬೇಕು ಅಂದುಕೊಂಡಳು ಪಾಪ. ಕೆಲಸ ಮಾಡುವವರು ಮೊದಲು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಊರಿಗೆ ಹಿರಿಯಳು ಬೋರಮ್ಮ. ಅವಳ ಮೊಮ್ಮಗಳು ಚೆಲುವಿಗೆ ಮದುವೆ ಗೊತ್ತಾಯಿತು. ಬೋರಮ್ಮನ ತಾಯಿ ಉಟ್ಟ ಕೆಂಪು ಸೀರೆಯೊಂದಿತ್ತು. ಆ ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನುಟ್ಟೇ ಮದುವೆಯಾದವರು. ಕುಂಕುಮದ ಭರಣಿ ತೆರೆದ ಹಾಗಿತ್ತು ಅದರ ಬಣ್ಣ. ಮದುವೆಗೆ ಮೂರು ದಿನವಿರುವಾಗ ಅದು ಚಿಕ್ಕತಾಯಿಯ ಕೈಗೆ ಬಂತು. ಅವಳು ಚೌಳು ಮುಟ್ಟಿಸದೆ, ಬರೀ ನೀರಲ್ಲಿ ಜಾಲಿಸಿ ಹಗ್ಗಕ್ಕೆ ಹಾಕಿದಳು.

ಸಂಜೆ ತೆಗೆಯಲು ಬಂದರೆ ಸೀರೆ ಬಾಡಿದ ಕಣಗಿಲೆ ಹೂವಿನ ಹಾಗಿತ್ತು. ಚಿಕ್ಕತಾಯಿ ಅದನ್ನು ಹಾಗೇ ಬೋರಮ್ಮನ ಮನೆಗೆ ತಂದಳು.

ಬೋರಮ್ಮ ಜಗಲಿಯ ಮೇಲೆ ನಿಂತು, ಊರೆಲ್ಲ ಕೇಳುವ ಹಾಗೆ ಬೈದಳು. ಕೈ ಸರಿಯಿಲ್ಲ ಎಂದಳು. ಬಣ್ಣ ಕಿತ್ತು ಬೇರೆ ಊರಿನ ಬಣ್ಣಗಾರರಿಗೆ ಕೊಡುತ್ತಿರಬೇಕು ಎಂದಳು. ಕಡೆಗೆ ಹೇಳಿದ ಮಾತು ಇದು: "ಇದು ನಮ್ಮವ್ವನ ಸೀರೆ ಕಣೇ. ಮದುವೆಗೆ ನೀನು ನಡೆಮಡಿ ಹಾಸಾಕೆ ಬರಬ್ಯಾಡ. ಆಚೆ ಊರಿಂದ ಯಾರನ್ನಾದ್ರೂ ಕರೆಸ್ಕತೀನಿ."

ಚಿಕ್ಕತಾಯಿ ಸೀರೆ ಎತ್ತಿಕೊಂಡು ಸೀದಾ ಹೊಳೆಗೆ ಹೋದಳು. ನೀನು ತೊಳೆದುಕೊಂಡು ಹೋದೆಯಾ ಎಂದು ಕೇಳಿದಳು. ಹೊಳೆಗೆ ಬೇಜಾರಾಯಿತು. ಒಂದು ಬೊಗಸೆ ಎತ್ತಿ ನೋಡು ಎಂದಿತು. ಎತ್ತಿದಳು, ನೀರು ತಿಳಿಯಾಗಿತ್ತು. ಕೆಂಪು ತಗೊಂಡಿದ್ದರೆ ನಾನು ಕೆಂಪಗೆ ಹರಿಯಬೇಕಿತ್ತಲ್ಲ ಎಂದು ಹೊಳೆ ಮುಖ ತಿರುಗಿಸಿಕೊಂಡಿತು.

ಗಾಳಿ ಜೊಂಡಿನ ಹಿಂದೆ ಅಡಗಿ ಕೂತಿತ್ತು. ಎಲ್ಲರ ಮನೆಯ ಸುದ್ದಿಯನ್ನೂ ಕೇಳದೆಯೇ ಹೇಳುವ ಗಾಳಿಗೆ ಅವತ್ತು ಬಾಯಿ ಕಟ್ಟಿತ್ತು. ನೀನು ಒದರಿ ಉದುರಿಸಿದೆಯಾ ಎಂದು ಚಿಕ್ಕತಾಯಿ ಕೇಳಿದಳು. ಇಲ್ಲ ಎಂದಿತು. ಯಾರು ತಗೊಂಡರು ಎಂದು ಕೇಳಿದಳು. ಹೇಳಿದರೆ ನನ್ನನ್ನು ಸುಟ್ಟು ಬಿಸಿ ಮಾಡಿಬಿಡುತ್ತಾನೆ, ಹೇಳುವುದಿಲ್ಲ ಎಂದಿತು. ಆಮೇಲೆ ಸಣ್ಣ ದನಿಯಲ್ಲಿ, ಹಗ್ಗ ಕಚ್ಚಿದ ಜಾಗ ನೋಡು ಎಂದು ಹೇಳಿ ಓಡಿಹೋಯಿತು.

ಚಿಕ್ಕತಾಯಿ ಸೀರೆಯ ಚುಂಗು ನೋಡಿದಳು. ಹಗ್ಗದ ಎಳೆಗಳ ನಡುವೆ ಸಿಕ್ಕಿದ್ದ ನಾಲ್ಕು ಬೆರಳಗಲದ ಜಾಗ ಕುಂಕುಮದ ಕೆಂಪಿನಲ್ಲೇ ಇತ್ತು. ನೀರು ಅಲ್ಲಿಗೂ ಹೋಗಿತ್ತು, ಅವಳ ಕೈ ಅಲ್ಲಿಯೂ ಆಡಿತ್ತು. ಹೋಗದೇ ಇದ್ದದ್ದು ಬಿಸಿಲು ಒಂದೇ.

ಅವಳು ಆ ಚುಂಗನ್ನು ಬೋರಮ್ಮನಿಗೆ ತೋರಿಸಿದಳು. ಬೋರಮ್ಮ ಕಣ್ಣು ಕೆಕ್ಕರಿಸಿದಳು. ಬೆಳಿಗ್ಗೆ ಎದ್ದು ಊರೆಲ್ಲ ಕೈ ಮುಗಿಯುವ ಸೂರ್ಯನನ್ನು ಕಳ್ಳ ಎನ್ನುತ್ತೀಯಾ ಎಂದು ಇನ್ನೂ ನಾಲ್ಕು ಮಾತು ಜಾಸ್ತಿ ಬೈದು ಬಾಗಿಲು ಹಾಕಿಕೊಂಡಳು. ನೋಡು ಹೇಗಿದೆ! ಕೈ ಮುಗಿಸಿಕೊಳ್ಳುವವರು ಕದಿಯುವುದಿಲ್ಲವಂತೆ. ಬಟ್ಟೆ ಒಗೆಯುವವರು ಮಾತ್ರ ಕದಿಯುತ್ತಾರಂತೆ. ಇದು ಯಾವ ಊರಿನ ನ್ಯಾಯ?

ಮಾರನೆಯ ದಿನ ನಡುಮಧ್ಯಾಹ್ನ ಚಿಕ್ಕತಾಯಿ ಬರಿದಾದ ಹಗ್ಗದ ಕೆಳಗೆ ನಿಂತು ಸೂರ್ಯನನ್ನು ಕರೆದಳು. ಕಣ್ಣು ಕೋರೈಸಿದರೂ ತಲೆ ತಗ್ಗಿಸಲಿಲ್ಲ.

"ನೀರು ನಿಂದು, ಬಟ್ಟೆ ನಂದು ಅಂತ ಮಾತಾಗಿತ್ತು. ಬಣ್ಣ ಯಾಕೆ ತಗೊಂಡೆ?"

ಸೂರ್ಯ ಸುಳ್ಳು ಹೇಳಲಿಲ್ಲ. ಹುಟ್ಟಿದಾಗಿನಿಂದ ಬರೀ ಬಿಳಿ ನೋಡಿ ನೋಡಿ ಬೇಸರವಾಗಿತ್ತು, ದಿನಕ್ಕೊಂದು ಚಿಟಿಕೆ ತಗೊಂಡೆ, ಆ ಸೀರೆ ನೋಡಿದಾಗ ತಡೆಯಲಾಗಲಿಲ್ಲ, ಪೂರ್ತಿ ಎತ್ತಿಕೊಂಡೆ ಎಂದ. ಎಲ್ಲವನ್ನೂ ಒಂದು ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡಿದ್ದೇನೆ ಎಂದೂ ಹೇಳಿದ.

ಕೇಳಿದ್ದರೆ ಒಂದು ಚೂರು ಕೊಡುತ್ತಿದ್ದೆನಲ್ಲ ಎಂದಳು ಚಿಕ್ಕತಾಯಿ. ಆದದ್ದು ಆಯಿತು, ಬೋರಮ್ಮನ ಬಾಗಿಲಿಗೆ ಹೋಗಿ, ತಗೊಂಡವನು ನಾನು ಎಂದು ಹೇಳು ಎಂದಳು.

ಸೂರ್ಯ ನಕ್ಕ. "ನಾನು ಕಳ್ಳ ಅನ್ನಿಸ್ಕೊಳ್ಳೋದಾ? ಆಗಲ್ಲ ಚಿಕ್ಕತಾಯಿ. ನಿನಗೇನು, ಒಂದು ಮಾತು ತಾನೆ. ತಡ್ಕೋ."

ತಡ್ಕೋ ಎಂದನಂತೆ. ಇಲ್ಲಿಗೆ ಬಂದರೆ ನನ್ನ ಅಜ್ಜಿ ವೀಳ್ಯದೆಲೆ ಕೆಳಗಿಟ್ಟುಬಿಡುತ್ತಿದ್ದಳು. ಅವನು ಬಣ್ಣ ಕದ್ದದ್ದನ್ನಾದರೂ ಕ್ಷಮಿಸಬಹುದು, ಆ ಮಾತನ್ನು ಕ್ಷಮಿಸಬಾರದು ಎನ್ನುತ್ತಿದ್ದಳು. ನನಗೂ ಹಾಗೇ ಅನ್ನಿಸುತ್ತದೆ.

ಚಿಕ್ಕತಾಯಿ ಕಂಬಗಳಿಂದ ಹಗ್ಗ ಬಿಚ್ಚಿ, ಸೀರೆಯ ಜೊತೆ ಹೆಗಲ ಮೇಲೆ ಹಾಕಿಕೊಂಡು ಪಡುವಣದ ದಿಣ್ಣೆ ಹತ್ತಿದಳು. ಪ್ರಪಂಚ ಆಗ ಚಿಕ್ಕದು. ಸೂರ್ಯ ಮನೆಗೆ ಹೋಗುವಾಗ ಆ ದಿಣ್ಣೆಯ ಎರಡು ತಾಳೆ ಮರಗಳ ನಡುವೆ ತಗ್ಗಿ ನುಸುಳಿ ಹೋಗಬೇಕಿತ್ತು. ಅವಳು ಆ ಮರಗಳಿಗೆ ಹಗ್ಗ ಕಟ್ಟಲು ನೋಡಿದಳು. ಹಗ್ಗ ಭಾರ, ಮರ ಎತ್ತರ. ಹತ್ತಿದಳು, ಜಾರಿದಳು, ಅಂಗೈ ತರಚಿಕೊಂಡಳು.

ಗಾಳಿ ದೂರದಲ್ಲಿ ನಿಂತು ನೋಡುತ್ತಿತ್ತು. ಅದಕ್ಕೆ ತನ್ನ ಮೇಲೆಯೇ ನಾಚಿಕೆಯಾಯಿತು. ಸುಟ್ಟರೆ ಸುಡಲಿ ಎಂದು ಬಂದು ಹಗ್ಗದ ತುದಿ ಎತ್ತಿ ಮರದ ನೆತ್ತಿಗೆ ಸುತ್ತಿತು.

ಸಂಜೆ ಸೂರ್ಯ ಬಂದ. ಕಂಕುಳಲ್ಲಿ ಗಂಟು, ಮುಖದಲ್ಲಿ ಏನೂ ಆಗಿಲ್ಲವೆಂಬ ಕಳೆ. ಮರಗಳ ನಡುವೆ ತಗ್ಗಿದ. ಅಷ್ಟರಲ್ಲಿ ಗಾಳಿ ಹಗ್ಗದ ಎಳೆ ಬಿಡಿಸಿ, ಗಂಟಿನ ಚುಂಗನ್ನು ನಡುವೆ ತೂರಿಸಿ ಬಿಟ್ಟಿತು. ಚಿಕ್ಕತಾಯಿಯ ಹಗ್ಗ ಕಚ್ಚಿದ್ದನ್ನು ಬಿಡುವ ಹಗ್ಗವಲ್ಲ. ಸೂರ್ಯ ಎಳೆದ, ಬರಲಿಲ್ಲ. ಜೋರಾಗಿ ಎಳೆದ. ಗಂಟು ಪರ್‍ರನೆ ಹರಿಯಿತು.

ಎಲ್ಲ ಚೆಲ್ಲಿಹೋಯಿತು. ಪಡುವಣದ ತುಂಬ ಬಣ್ಣ ಹರಡಿತು. ಊರಿನವರನ್ನು ಕರೆದಿದ್ದರೆ ಯಾರೂ ಬರುತ್ತಿರಲಿಲ್ಲ. ಕರೆಯಬೇಕಾಗಲೂ ಇಲ್ಲ. ಎಲ್ಲರ ಬಾಗಿಲಿಗೂ ಕಾಣಿಸಿತು. ಅಗೋ ನನ್ನ ರುಮಾಲಿನ ಹಳದಿ ಎಂದ ಒಬ್ಬ. ಇಗೋ ನನ್ನ ಕುಪ್ಪಸದ ನೀಲಿ ಎಂದಳು ಒಬ್ಬಳು. ಬೋರಮ್ಮ ಜಗಲಿಗೆ ಬಂದು ನೋಡಿದಳು. ಎಲ್ಲಕ್ಕಿಂತ ಕೆಳಗೆ, ದಿಣ್ಣೆಯ ಅಂಚಿನಲ್ಲಿ, ಅವಳ ಅವ್ವನ ಸೀರೆಯ ಕೆಂಪು ಬಿದ್ದಿತ್ತು.

ಚೆಲ್ಲಿದ ಬಣ್ಣ ಬಟ್ಟೆಗೆ ತಿರುಗಿ ಬರಲಿಲ್ಲ. ಚಿಕ್ಕತಾಯಿ ಸೀರೆ ಬಿಡಿಸಿ ಆ ಬೆಳಕಿಗೆ ಹಿಡಿದಳು. ಬೆಳಕು ಬೀಳುತ್ತಿದ್ದಷ್ಟು ಹೊತ್ತು ಸೀರೆ ಮೊದಲಿನಂತೆ ಕೆಂಪಾಯಿತು, ಸೂರ್ಯ ಸ್ವಲ್ಪ ಇಳಿದ ಕೂಡಲೆ ಮತ್ತೆ ಬಾಡಿತು. ಅದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಳು.

ಹರಿದ ಗಂಟು ಇನ್ನೂ ಹಗ್ಗದಲ್ಲೇ ಸಿಕ್ಕಿಕೊಂಡಿತ್ತು, ಸೂರ್ಯ ಅದನ್ನು ಬಿಟ್ಟುಬಿಡು ಎಂದು ಬೇಡಿಕೊಂಡ. ಅವಳು ಹೇಳಿದಳು, "ತಗೊಂಡಿದ್ದು ವಾಪಸ್ ಕೊಡೋಕೆ ನಿನ್ ಕೈಲಾಗಲ್ಲ. ಹಂಗಾದ್ರೆ ಚೆಲ್ಲಿದ್ದನ್ನ ಮತ್ತೆ ಗಂಟು ಕಟ್ಕೋ, ದಿನಾ ಸಂಜೆ ಮನೆಗೆ ಹೋಗೋ ಮುಂಚೆ ಗಂಟು ಬಿಚ್ಚಿ ಊರಿಗೆಲ್ಲ ತೋರ್ಸಿ ಹೋಗು. ಇನ್ನೊಂದ್ಸಲ ಒಗೆಯೋರನ್ನ ಯಾರೂ ಅನ್ನಬಾರದು."

ಒಪ್ಪಿಕೊಂಡ, ಇನ್ನೇನು ಮಾಡುತ್ತಾನೆ. ಕದಿಯುವುದನ್ನು ಬಿಟ್ಟನೇ? ಎಲ್ಲಿ ಬಿಟ್ಟ. ಅವನ ಬುದ್ಧಿ ಗೊತ್ತಿದ್ದ ಚಿಕ್ಕತಾಯಿ ಅವತ್ತಿನಿಂದ ಬಣ್ಣದ ಬಟ್ಟೆಯನ್ನೆಲ್ಲ ಒಳಮೈ ಹೊರಗೆ ಮಾಡಿಯೇ ಒಣಹಾಕಿದಳು.

ಮಾರನೆಯ ದಿನ ಬೆಳಿಗ್ಗೆ ಬೋರಮ್ಮ ಹೊಳೆ ದಡಕ್ಕೆ ಬಂದಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ತಪ್ಪಾಯಿತು, ನಡೆಮಡಿಗೆ ನೀನೇ ಬಾ ಎಂದಳು.

ಚಿಕ್ಕತಾಯಿ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಬೈದಿದ್ದು ಜಗಲಿ ಮೇಲೆ ಅಲ್ವಾ ಬೋರಮ್ಮನೋರೆ. ಇದನ್ನೂ ಅಲ್ಲೇ ನಿಂತ್ಕೊಂಡು ಹೇಳಿ."

ಬೋರಮ್ಮನಿಗೆ ಅದು ಸುಲಭವಾಗಿರಲಿಲ್ಲ. ಆದರೂ ಹೋಗಿ ಜಗಲಿ ಹತ್ತಿದಳು. ಊರೆಲ್ಲ ಕೇಳುವ ಹಾಗೆ, ಚಿಕ್ಕತಾಯಿದು ಏನೂ ತಪ್ಪಿಲ್ಲ, ನನ್ನ ಬಾಯಿಯದು ತಪ್ಪು ಎಂದಳು. ಆಗ ಚಿಕ್ಕತಾಯಿ ಒಂದು ಮಾತು ಹೇಳಿದಳು. ಬೆಳಿಗ್ಗೆಗೆ ಇಟ್ಟುಕೊಂಡ ಮುಹೂರ್ತವನ್ನು ಸಂಜೆಗೆ ಇಟ್ಟುಕೊಳ್ಳಿ, ದನಗಳು ಧೂಳೆಬ್ಬಿಸಿಕೊಂಡು ಮನೆಗೆ ಬರುವ ಹೊತ್ತಿಗೆ.

ಹಾಗೇ ಆಯಿತು. ಚೆಲುವಿ ಬಾಡಿದ ಸೀರೆ ಉಟ್ಟು ಅಳುತ್ತಲೇ ಹೊರಗೆ ಬಂದಳು. ಚಿಕ್ಕತಾಯಿ ಬಗ್ಗಿ ಮೊದಲ ಮಡಿ ಹಾಸಿದಳು. ಪಡುವಣದಲ್ಲಿ ಸೂರ್ಯ, ಮಾತು ಕೊಟ್ಟಿದ್ದನಲ್ಲ, ಗಂಟು ಬಿಚ್ಚಿದ. ಚೆಲುವಿ ಒಂದೊಂದು ಹೆಜ್ಜೆ ಇಟ್ಟಂತೆ ಸೀರೆ ಕೆಂಪಾಗುತ್ತ ಬಂತು. ಚಪ್ಪರ ಮುಟ್ಟುವಷ್ಟರಲ್ಲಿ ಅದು ಬೋರಮ್ಮನ ಅವ್ವ ಉಟ್ಟಾಗ ಇದ್ದ ಹಾಗೇ ಇತ್ತು. ಇವತ್ತಿಗೂ ಜನ ಗೋಧೂಳಿ ಲಗ್ನ ಒಳ್ಳೆಯದು ಎನ್ನುವುದು ಅದಕ್ಕೇ, ಪಂಚಾಂಗದವರು ಬೇರೆ ಏನೇನೋ ಹೇಳುತ್ತಾರೆ.

ಈಗ ನಿನ್ನ ಲಂಗ ಕೊಡು ಇಲ್ಲಿ. ಇದನ್ನು ಸಂಜೆಯೇ ತಾರಸಿಯಿಂದ ತಂದುಬಿಡವ್ವ ಎಂದು ದೇವೀರಕ್ಕ ಹೇಳಿದ್ದಳು. ಮೂರು ದಿನ ಅಲ್ಲೇ ಮರೆತವರು ಯಾರು? ಸೊಂಟದ ಪಟ್ಟಿ ನೋಡು. ಕ್ಲಿಪ್ಪು ಕಚ್ಚಿದ್ದ ಎರಡು ಜಾಗದಲ್ಲಿ ಇನ್ನೂ ಹೊಸ ಕೆಂಪು ಹಾಗೇ ಇದೆ. ನೋಡಿದೆಯಾ? ಈಗ ತಲೆ ಎತ್ತಿ ಪಡುವಣ ನೋಡು, ಅವನು ಗಂಟು ಬಿಚ್ಚಿದ್ದಾನೆ, ಆ ನೀರಿನ ಟ್ಯಾಂಕಿನ ಪಕ್ಕದ ಕೆಂಪು ನಿನ್ನ ಲಂಗದ್ದೇ. ದೇವೀರಕ್ಕ ಇನ್ನೂ ಹಿತ್ತಲಲ್ಲಿದ್ದಾಳೆ. ಬೆಳಿಗ್ಗೆ ನೀನು ಬಣ್ಣ ಕೆಡಿಸಿದೆ ಎಂದು ಅವಳನ್ನು ಎಲ್ಲರ ಮುಂದೆ ಅಂದೆಯಲ್ಲ, ಆ ಕೆಂಪು ಆರುವುದರೊಳಗೆ ಹೋಗಿ ತಪ್ಪಾಯಿತು ಎಂದು ಎಲ್ಲರ ಮುಂದೆಯೇ ಹೇಳಿ ಬಾ.