ಮೇಲೇ ಕೂತ ಸುಣ್ಣ

ತುಂಗಮ್ಮನ ಮನೆ ಮುಂದಿನ ಹುಲ್ಲುಹಾಸು ಹಳದಿಯಾಗಿತ್ತು. ಮಣ್ಣು ಹುಳಿಯಾಗಿ ಪಾಚಿ ಹಬ್ತಿತ್ತು. ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣದ ಪುಡೀನ ತುಂಗಮ್ಮ ಅದರ ಮೇಲೆ ಉದುರಿಸಿದ್ರು.

ಸುಣ್ಣ ಗೋಡೆ ಮೇಲಿನ ಥರಾನೇ ಇಲ್ಲೂ ಬೆಳ್ಳಗೆ ಮಿಂಚ್ತಾ ಕೂತ್ಕೊಂಡ್ತು.

"ಕೆಳಗೆ ಬಾರಪ್ಪ, ನೀನು ಮುರೀಬೇಕಾದ ಹುಳಿ ಇರೋದು ಇಲ್ಲಿ," ಅಂತು ಮಣ್ಣೊಳಗಿನ ಎರೆಹುಳ.

"ಕೆಳಗಿಳಿದ್ರೆ ಯಾರಿಗೆ ಕಾಣ್ತೀನಣ್ಣ? ಕಾಣಿಸ್ಕೊಳ್ಳೋದೇ ನನ್ನ ಕಸುಬು."

"ಅದು ಗೋಡೆ ಮೇಲಿನ ಕಸುಬು."

"ಮಾತು ಆಮೇಲೆ ಆಡಿ, ನನ್ನ ಬೇರು ಸಾಯ್ತಿದೆ," ಅಂತು ಹುಲ್ಲು.

ಅಷ್ಟರಲ್ಲಿ ಗಾಳಿ ಬೀಸ್ತು. ಅರ್ಧ ಸುಣ್ಣ ಹಾರಿಹೋಗಿ, ಬೇಲಿ ಆಚೆ ಮಲಗಿದ್ದ ಎಮ್ಮೆ ಮೇಲೆ ಕೂತ್ಕೊಂಡ್ತು. ಎಮ್ಮೆ ಬೆಳ್ಳಗಾಯ್ತು. ಬೀದಿಯವರೆಲ್ಲ ನಿಂತು ನೋಡಿದ್ರು. ಆಮೇಲೆ ಎಮ್ಮೆ ಎದ್ದು ಸೀದಾ ಕೆರೆಗೆ ಇಳೀತು, ಬಿಳುಪೆಲ್ಲ ತೊಳೆದುಹೋಯ್ತು.

ಉಳಿದರ್ಧ ಸುಣ್ಣ ಅದನ್ನೆಲ್ಲ ನೋಡ್ತು. ಸಂಜೆ ಮಳೆ ಬಂದಾಗ ಮಣ್ಣೊಳಗೆ ಇಳೀತು.

ಕೆಲವು ತಿಂಗಳು ಕಳೆದು ಹುಲ್ಲು ಹಸಿರಾಯ್ತು. ತುಂಗಮ್ಮ ಬಂದವರಿಗೆಲ್ಲ, "ಹೊಸ ನೀರಿನ ಪೈಪು ತಂದ್ವಲ್ಲ, ಅದರ ಗುಣ," ಅಂದ್ರು.

"ಕೇಳಿಸ್ತೇನಪ್ಪ?" ಅಂತು ಎರೆಹುಳ.

"ಕೇಳಿಸ್ತಣ್ಣ," ಅಂತು ಸುಣ್ಣ. "ಸ್ವಲ್ಪ ಜರುಗು, ಆ ಮೂಲೇಲಿ ಇನ್ನೂ ಹುಳಿ ಇದೆ."