ಬೊಮ್ಮಿ ಬರೆಸಿದ ಅಕ್ಷರ

ಹೊಳೆದಂಡೆಯಲ್ಲೊಂದು ಆಶ್ರಮ, ಆಶ್ರಮದಲ್ಲೊಬ್ಬ ಗುರು, ಗುರುವಿಗೊಬ್ಬ ಶಿಷ್ಯ. ಶಿಷ್ಯನ ಹೆಸರು ವೆಂಕೋಬ. ಓದಿದ್ದೆಲ್ಲ ನಾಲಿಗೆಯ ಮೇಲೆ, ಸಿಟ್ಟು ಮೂಗಿನ ತುದಿಯಲ್ಲಿ, ಮೈಮೇಲೆ ಸದಾ ಒಗೆದು ಒಣಗಿಸಿದ ಮಡಿ ಧೋತರ. ಮಡಿಯಲ್ಲಿದ್ದಾಗ ಗಾಳಿ ಸೋಕಿದರೂ ಹುಬ್ಬು ಗಂಟಿಕ್ಕುವ ಆಸಾಮಿ ಅವನು.

ಒಂದು ದಿನ ಗುರುಗಳ ಮುಂದೆ ಕೈಮುಗಿದು ನಿಂತ.

“ಅಜ್ಜಾರ, ವ್ಯಾಕರಣ ಮುಗೀತು, ತರ್ಕ ಮುಗೀತು. ಇನ್ನ ನನಗ ಉಪನಿಷತ್ತು ಹೇಳ್ರಿ.”

“ಹೇಳೋಣಂತ. ಮೊದಲ ಚಿಣ್ಣರ ಮನಿ ನೋಡ್ಕೋ. ಬೊಮ್ಮಿ ‘ಅ’ ಬರೆದ ದಿನ ನಿನ್ನ ಪಾಠ ಶುರು.”

ವೆಂಕೋಬನಿಗೆ ಒಳಗೊಳಗೇ ನಗು ಬಂತು. ಇಷ್ಟೇನಾ! ಒಂದು ‘ಅ’ ತಾನೆ?

ಚಿಣ್ಣರ ಮನೆ ಅಂದರೆ ಹಿತ್ತಲಿನ ಜೋಪಡಿ. ಹರಿಗೋಲು ನಡೆಸುವವರ, ಮೀನು ಹಿಡಿಯುವವರ, ಬುಟ್ಟಿ ಹೆಣೆಯುವವರ ಮಕ್ಕಳು ಬೆಳಗಾದರೆ ಅಲ್ಲಿ. ಎಲ್ಲವೂ ಮೂರು ನಾಲ್ಕು ವರ್ಷದವು. ಒಂದರ ಮೂಗು ನಿಂತರೆ ಇನ್ನೊಂದರ ಮೂಗು ಸೋರುತ್ತಿತ್ತು. ಹರಿಗೋಲಿನವರ ಮಗಳು ಬೊಮ್ಮಿ ಅವುಗಳಲ್ಲೊಬ್ಬಳು, ಇನ್ನೂ ಒಂದಕ್ಷರವನ್ನೂ ಬರೆಯದವಳು.

ಅಲ್ಲೊಂದು ರೂಢಿ ಇತ್ತು. ಮೊದಲ ಅಕ್ಷರ ಬರೆಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು, ಹರಿವಾಣದ ಅಕ್ಕಿಯಲ್ಲಿ ಬರೆಸಬೇಕು.

ತೊಡೆಯ ಮೇಲೆ! ಹಾಗಾದರೆ ಮಡಿಯ ಗತಿ? ವೆಂಕೋಬ ಒಂದು ಉಪಾಯ ಹೂಡಿದ. ಮಗುವಿಗೊಂದು ಮಣೆ ಹಾಕಿದ, ತಾನು ಮಾರು ದೂರ ಕೂತ. ಉದ್ದನೆಯ ಬಿದಿರು ಕಡ್ಡಿಯಿಂದ ಅಕ್ಕಿಯಲ್ಲಿ ‘ಅ’ ಗೀರಿದ. “ಹೂಂ, ತಿದ್ದು. ಮುಟ್ಟಬ್ಯಾಡ ನನ್ನ. ದೂರ, ದೂರ!”

ಬೊಮ್ಮಿ ಕಡ್ಡಿ ನೋಡಿದಳು, ವೆಂಕೋಬನ ಹುಬ್ಬು ನೋಡಿದಳು, ಅತ್ತಳು. ಮರುದಿನವೂ ಅತ್ತಳು. ವೆಂಕೋಬ ದೂರದಿಂದಲೇ ಕಲ್ಲುಸಕ್ಕರೆ ಎಸೆದ. ಅದು ಹೋಗಿ ಅವಳ ಹಣೆಗೆ ಬಡಿಯಿತು. ಕೇಳಬೇಕೆ? ಆವತ್ತಿನ ಅಳು ಆಚೆದಡಕ್ಕೂ ಮುಟ್ಟಿತು.

ಹರಿಗೋಲು ಬಿಟ್ಟು ಅವಳ ತಾಯಿ ಹುಲಿಗೆವ್ವ ಗುರುಗಳ ಹತ್ತಿರ ಓಡಿಬಂದಳು.

“ಅಜ್ಜಾರ, ಕೂಸು ನಿದ್ದಿಯೊಳಗೂ ಬೆಚ್ಚತೈತಿ. ನಾಳೆ ಒಂದು ದಿನ ನೋಡ್ತೀನಿ. ನಾಳೆನೂ ಅತ್ತರ, ಅಕ್ಷರ ಇಕಿ ಹಣ್ಯಾಗ ಬರದಿಲ್ಲ ಅಂತ ತಿಳಕೊಂಡು ಹರಿಗೋಲಿನ್ಯಾಗ ಕುಂದ್ರಿಸ್ಕೊಂಡು ಹೋಗ್ತೀನ್ರಿ.”

ವೆಂಕೋಬ ಗುರುಗಳ ಕಡೆ ತಿರುಗಿದ. ಬೊಮ್ಮಿ ಹೋದರೆ ಉಪನಿಷತ್ತೂ ಹೋದಂತೆಯೇ.

“ಅಜ್ಜಾರ, ನನ್ನ ಕಲಿಸೂದರಾಗ ತಪ್ಪೇನದ?”

ಗುರುಗಳು ನೆಟ್ಟಗೆ ಜೋಪಡಿಗೆ ಹೋಗಿ ಆ ಪುಟ್ಟ ಮಣೆಯ ಮೇಲೆ ಕುಕ್ಕರಿಸಿದರು. “ನನಗೂ ಹಂಗ ಕಲಿಸು ನೋಡೂಣು.”

ವೆಂಕೋಬ ಅಳುಕುತ್ತಲೇ ಮಾರು ದೂರ ಕೂತು ಕಡ್ಡಿ ಚಾಚಿ ಅಕ್ಕಿಯಲ್ಲಿ ‘ಅ’ ಗೀರಿದ.

ಗುರುಗಳು ಬಾಯಿ ಅಗಲಿಸಿ “ಅವ್ವಾ!” ಎಂದು ಗೋಳೋ ಅಂತ ಅತ್ತರು. ಹಣ್ಣುಹಣ್ಣು ಮುದುಕ, ನೆಲ ಬಡಿದು ಅತ್ತರು! ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು.

ಬಾಗಿಲ ಕಂಬ ತಬ್ಬಿ ಬಿಕ್ಕುತ್ತಿದ್ದ ಬೊಮ್ಮಿ ಗಕ್ಕನೆ ಸುಮ್ಮನಾದಳು. ಪುಟುಪುಟು ಬಂದು ಲಂಗದ ಚುಂಗಿನಿಂದ ಅಜ್ಜನ ಕಣ್ಣೊರೆಸಿದಳು. ಇರಲಿ ಅಂತ ಮೂಗನ್ನೂ ಒರೆಸಿದಳು.

“ಅಳಬ್ಯಾಡ ಅಜ್ಜ. ನನ್ನ ತೊಡಿ ಸಣ್ಣದೈತಿ, ನೀ ದೊಡ್ಡಾವ. ಅದಕ್ಕ ನಾನೇ ನಿನ್ನ ಮ್ಯಾಲೆ ಕುಂದರತೀನಿ, ಹಾಂ?”

ತೊಡೆ ಹತ್ತಿ ಕೂತಳು. ಅಜ್ಜನ ಬೆರಳು ಹಿಡಿದಳು. “ಹೀಂಗ. ಹೆದರಬ್ಯಾಡ, ನಾ ಅದೀನಿ.” ಅಕ್ಕಿಯಲ್ಲಿ ಸೊಟ್ಟಂಬಟ್ಟ ‘ಅ’ ಮೂಡಿತು.

ವೆಂಕೋಬ ಕುಣಿದೇಬಿಟ್ಟ. “ಬರದ್ಲು! ಅಜ್ಜಾರ, ನನ್ನ ಪಾಠ?”

“ಬೆರಳು ಯಾರದೋ?”

“ನಿಮ್ಮದು.”

“ಹಂಗಾರ ಬರದಾವ ನಾನು, ಬರಿಸಿದಾಕಿ ಅಕಿ. ಅಕಿಗೆ ಬರಿಸೋರು ಯಾರು?”

ಗುರುಗಳು ಗಡ್ಡ ಒರೆಸಿಕೊಂಡು ಎದ್ದು ನಡೆದರು.

ಮರುದಿನ ಬೆಳಿಗ್ಗೆ ವೆಂಕೋಬ ಮಣೆ ತೆಗೆದು ಹೊರಗಿಟ್ಟ. ಕಡ್ಡಿಯನ್ನು ಲಟಕ್ಕನೆ ಮುರಿದ. ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚಿದ.

“ಬಾರವ್ವಾ ಬೊಮ್ಮಿ.”

ಬೊಮ್ಮಿ ಬಂದಳು. ಆದರೆ ಮಾರು ದೂರದಲ್ಲೇ ನಿಂತಳು.

“ಯಾಕ? ಬಾ.”

“ಒಲ್ಲೆ. ನಾ ಮುಟ್ಟಿದ್ರ ನೀ ಹೊಲಸ ಆಗ್ತಿ.”

ಚಾಚಿದ ಕೈಯನ್ನು ವೆಂಕೋಬ ಇಳಿಸಿದ. ‘ಅ’ ಕಲಿಯದಿದ್ದರೇನು, ಈ ಪಾಠವನ್ನು ಕೂಸು ಚೆನ್ನಾಗಿಯೇ ಕಲಿತಿತ್ತು. ಕಲಿಸಿದವನು ತಾನೇ. ಅಯ್ಯೋ ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಕಣ್ಣು ತುಂಬಿ ಬಂದವು.

“ಏ, ನೀನೂ ಅಳತಿಯೇನ?” ಬೊಮ್ಮಿ ಓಡಿಬಂದಳು. ಅವನದೇ ಮಡಿ ಧೋತರದ ಚುಂಗು ಹಿಡಿದು ಅವನ ಕಣ್ಣೊರೆಸಿದಳು. ಅದೇ ಚುಂಗಿನಲ್ಲಿ ತನ್ನ ಮೂಗನ್ನೂ ಸೀಟಿಕೊಂಡಳು.

ವೆಂಕೋಬ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕಿದ್ದನ್ನು ಮಕ್ಕಳು ನೋಡಿದ್ದೇ ಮೊದಲು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲವೂ ಬಂದು ಮುತ್ತಿದವು. ಒಂದು ಬೆನ್ನೇರಿತು, ಒಂದು ಜುಟ್ಟು ಎಳೆಯಿತು. ಬೊಮ್ಮಿ ಮಾತ್ರ ತೊಡೆ ಬಿಟ್ಟುಕೊಡಲಿಲ್ಲ. ಅವಳ ಬೆರಳು ಹಿಡಿದು ವೆಂಕೋಬ ‘ಅ’ ಬರೆಸಿದ. ಅಳಿಸಿ, ಅವಳೇ ಇನ್ನೊಂದು ಬರೆದಳು.

ಮಧ್ಯಾಹ್ನ ಹುಲಿಗೆವ್ವ ಅಳುಕುತ್ತಲೇ ಬಂದು ಬಾಗಿಲಲ್ಲಿ ಇಣುಕಿದಳು.

“ನೀ ಹೋಗವ್ವಾ,” ಅಂದಳು ಬೊಮ್ಮಿ, ತಲೆ ಎತ್ತದೆ. “ನನಗ ಕೆಲಸ ಐತಿ. ಸಂಜಿಗೆ ಬಾ.”

ಹುಲಿಗೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾ ಹೊಳೆಗೆ ಹೋದಳು.

ಬಿಸಿಲು ಇಳಿದಾಗ ಗುರುಗಳು ಜೋಪಡಿಗೆ ಬಂದರು. “ವೆಂಕೋಬಾ, ಬೊಮ್ಮಿ ಬರದಾಳಂತಲ್ಲೋ! ಏಳು, ನಡಿ. ಉಪನಿಷತ್ತು ಸುರು ಮಾಡೂಣು.”

ವೆಂಕೋಬ ತುಟಿಯ ಮೇಲೆ ಬೆರಳಿಟ್ಟ. ಬೊಮ್ಮಿ ಅವನ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಮುಷ್ಟಿಯಲ್ಲಿ ಅಕ್ಕಿಕಾಳು ಅಂಟಿತ್ತು.

“ಮೆಲ್ಲಕ, ಅಜ್ಜಾರ. ಈಗರ ಕಣ್ಣು ಹತ್ತ್ಯಾವ. ಪಾಠಕ್ಕ ಹ್ಯಾಂಗ ಏಳಲಿ?”

“ಏಳಬ್ಯಾಡೋ ಹುಚ್ಚಾ,” ಎಂದರು ಗುರುಗಳು, ಪಕ್ಕದಲ್ಲಿ ಮೆಲ್ಲಗೆ ಕೂರುತ್ತಾ. “ಪಾಠ ನಿನ್ನ ತೊಡಿ ಮ್ಯಾಲೇ ಮಲಗೈತಿ. ಎಬ್ಬಿಸಬ್ಯಾಡ.”